ಅಪರೂಪದ ಕೇರೆಕ್ಸ್ ಫ್ಲಾವಾ: ಎಲೆ ಬಿಡಿ, ಕೊಕ್ಕು ನೋಡಿ

ಹುಲ್ಲಿನಂತೆ ಕಾಣುವ ಜೇಕು ಗಿಡದ ಹೆಸರನ್ನು ಎಲೆ ನೋಡಿ ಹೇಳಲು ಹೊರಟರೆ ದಾರಿ ತಪ್ಪುವುದೇ ಜಾಸ್ತಿ. ಜೇಕುಗಳ ಪೈಕಿ ಕೇರೆಕ್ಸ್ ಕುಲವೊಂದರಲ್ಲೇ ಸುಮಾರು 2000 ಪ್ರಭೇದಗಳಿವೆ. ದೂರದಿಂದ ಎಲ್ಲವೂ ಹುಲ್ಲೇ.

ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ. ಮೂರು ಮೂಲೆ ಸಿಗುತ್ತದೆ. ಎಲೆಗಳೂ ಮೂರು ಸಾಲಿನಲ್ಲಿರುತ್ತವೆ. ನಮ್ಮ ಹೊಲದ ಕೊನ್ನಾರಿಯೂ ಹಾಗೇ ಅಲ್ವಾ? ಆದರೆ ಕೊನ್ನಾರಿಯಲ್ಲಿ ಇಲ್ಲದ್ದೊಂದು ಕೇರೆಕ್ಸ್‌ನಲ್ಲಿದೆ. ಅದರ ಪ್ರತಿ ಕಾಯಿಯನ್ನೂ ಒಂದು ಪುಟ್ಟ ಚೀಲ ಸುತ್ತಿಕೊಂಡಿರುತ್ತದೆ. ಇದೇ ಯುಟ್ರಿಕಲ್. ಇದರ ಚೂಪು ತುದಿಗೆ ಕೊಕ್ಕು ಎನ್ನೋಣ.

ಕೇರೆಕ್ಸ್ ಫ್ಲಾವಾ ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಸಾಕಷ್ಟಿದೆ. ಬ್ರಿಟನ್ನಿನಲ್ಲಿ ಮಾತ್ರ ಬಹಳ ಅಪರೂಪ. ಕಂಬ್ರಿಯಾದ ರೌಡ್‌ಸೀ ಕಾಡು ಅದರ ಹೆಸರಾಂತ ನೆಲೆ. ಅಲ್ಲಿ ಸುಣ್ಣಕಲ್ಲೂ ಸ್ಲೇಟ್ ಕಲ್ಲೂ ಅಕ್ಕಪಕ್ಕದಲ್ಲಿವೆ. ಹಾಗಾಗಿ ಸ್ವಲ್ಪ ದೂರದಲ್ಲೇ ಮಣ್ಣಿನ ಗುಣ ಬದಲಾಗುತ್ತದೆ, ಗಿಡಗಳೂ ಬದಲಾಗುತ್ತವೆ.

ತೊಂದರೆ ಕೊಡುವುದು ಇದರ ಹತ್ತಿರದ ನೆಂಟರು: ಕೇರೆಕ್ಸ್ ಲೆಪಿಡೊಕಾರ್ಪಾ ಮತ್ತು ಕೇರೆಕ್ಸ್ ಡೆಮಿಸ್ಸಾ. ಹಣ್ಣಾದ ಯುಟ್ರಿಕಲ್ ಒಂದನ್ನು ಲೆನ್ಸ್ ಕೆಳಗಿಟ್ಟು, ಕೊಕ್ಕನ್ನೂ ಸೇರಿಸಿ ಅಳೆಯಿರಿ. ಫ್ಲಾವಾದಲ್ಲಿ ಅದು ಸಾಮಾನ್ಯವಾಗಿ 5ರಿಂದ 6 ಮಿ.ಮೀ. ಇರುತ್ತದೆ. ಕೊಕ್ಕೇ ಸುಮಾರು 2 ಮಿ.ಮೀ., ಕೆಳಕ್ಕೆ ಚೆನ್ನಾಗಿ ಬಾಗಿರುತ್ತದೆ. ತೆನೆಯ ಬುಡದ ಯುಟ್ರಿಕಲ್‌ಗಳಂತೂ ನೆಲದ ಕಡೆಗೇ ಮುಖ ಮಾಡಿರುತ್ತವೆ. ಇಡೀ ತೆನೆ ಹಳದಿ ಮುಳ್ಳುಚೆಂಡಿನಂತೆ ಕಾಣುತ್ತದೆ, ನೋಡಲು ನಿಜಕ್ಕೂ ಚೆಂದ! ಡೆಮಿಸ್ಸಾದ ಯುಟ್ರಿಕಲ್ ಇದಕ್ಕಿಂತ ಚಿಕ್ಕದು, 3ರಿಂದ 4 ಮಿ.ಮೀ. ಆಸುಪಾಸು. ಕೊಕ್ಕು ಮೋಟು, ಹೆಚ್ಚುಕಡಿಮೆ ನೇರ. ಲೆಪಿಡೊಕಾರ್ಪಾದ ಕೊಕ್ಕೂ ಬಾಗಿರುವುದರಿಂದ ಬರೀ ಬಾಗು ನೋಡಿ ತೀರ್ಮಾನಿಸಬೇಡಿ. ಕಾಂಡದ ತುದಿಯಲ್ಲಿರುವ ಗಂಡು ಹೂಗಳ ತೆನೆಯನ್ನೂ ನೋಡಿ. ಲೆಪಿಡೊಕಾರ್ಪಾದಲ್ಲಿ ಅದಕ್ಕೆ ಸಾಮಾನ್ಯವಾಗಿ ಉದ್ದ ತೊಟ್ಟು ಇರುತ್ತದೆ. ಫ್ಲಾವಾದಲ್ಲಿ ತೊಟ್ಟು ಗಿಡ್ಡ, ಕೆಲವೊಮ್ಮೆ ಇರುವುದೇ ಇಲ್ಲ. ಎಲೆಯ ಅಗಲ ಸುಮ್ನೆ ಒಂದು ಸುಳಿವು, ಅಷ್ಟೇ.

ಇನ್ನು ಮಿಶ್ರತಳಿಗಳು. ಫ್ಲಾವಾ ಈ ನೆಂಟರೊಡನೆ ಬೆರೆತಾಗ ಅಳತೆಗಳೆಲ್ಲ ನಡುವೆ ಎಲ್ಲೋ ನಿಲ್ಲುತ್ತವೆ. ಆಗ ಯುಟ್ರಿಕಲ್ ಬಿಡಿಸಿ ಒಳಗೆ ಕಾಯಿ ತುಂಬಿದೆಯೇ ನೋಡಬೇಕು. ಮಿಶ್ರತಳಿಯಲ್ಲಿ ಹೆಚ್ಚಿನವು ಜೊಳ್ಳು. ಎಳೆಯ ತೆನೆಯಲ್ಲಿ ಈ ಪರೀಕ್ಷೆ ನಡೆಯದು, ಏಕೆಂದರೆ ಅಲ್ಲಿ ಕಾಯಿ ಇನ್ನೂ ಕಟ್ಟಿರುವುದಿಲ್ಲ. ತೆನೆ ಹಳದಿಗೆ ತಿರುಗುವವರೆಗೆ ಕಾಯಿರಿ.

ಅಪರೂಪದ ಗಿಡವನ್ನು ಬುಡಸಮೇತ ಕೀಳಲೇಬೇಡಿ. ಅನುಮತಿ ಇದ್ದರೆ ತೆನೆಯ ನಡುವಿನಿಂದ ಒಂದೆರಡು ಯುಟ್ರಿಕಲ್ ಸಾಕು. ಇಲ್ಲದಿದ್ದರೆ ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಕೊಕ್ಕಿನ ಬಾಗು ಕಾಣುವ ಹಾಗೆ ಬದಿಯಿಂದ ಒಂದು ಇರಲಿ.