ಚೂರು ಕಳೆದರೆ ಒಂದು ಲೆಕ್ಕ, ಕೆಟ್ಟರೆ ಇನ್ನೊಂದು: ಇರೇಷರ್ ಕೋಡಿಂಗ್ ಟಿಪ್ಪಣಿ

ದತ್ತಾಂಶವನ್ನು ತಲೆಮಾರುಗಳ ಕಾಲ ಉಳಿಸುವ ಬೃಹತ್ ಸಂಗ್ರಹಗಳ ಪಾಠದಲ್ಲಿ ಮೂರು ದಿನ ನಾನು ಒಂದೇ ಕಡೆ ನಿಂತುಬಿಟ್ಟಿದ್ದೆ: ಪ್ಯಾರಿಟಿ (ಕಳೆದದ್ದನ್ನು ಮರಳಿ ಪಡೆಯಲು ಜೊತೆಗಿಡುವ ಹೆಚ್ಚುವರಿ ಸಂಖ್ಯೆ) ಇದ್ದ ಮೇಲೆ ಚೆಕ್‌ಸಮ್ (ದತ್ತಾಂಶ ಬದಲಾಗಿದೆಯೇ ಎಂದು ತಾಳೆ ನೋಡಲು ಅದರಿಂದಲೇ ಲೆಕ್ಕ ಹಾಕಿದ ಕಿರು ಗುರುತು) ಏಕೆ ಬೇಕು? ನಿನ್ನೆ ರಾತ್ರಿ ಕಾಗದದ ಮೇಲೆ ಲೆಕ್ಕ ಮಾಡಿದಾಗ ಗಂಟು ಬಿಚ್ಚಿಕೊಂಡಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಲೆಕ್ಕ

ಮಂಡ್ಯದವರಾದ ನಾವು ಪತ್ರಿಕೆ ಬಿಡಿಸಿದರೆ ಮೊದಲು ನೋಡುವುದು ಕೆಆರ್‌ಎಸ್ ನೀರಿನ ಮಟ್ಟವನ್ನು. ಗರಿಷ್ಠ 124.80 ಅಡಿ. ಮೂರು ದಿನಗಳ ಮಟ್ಟ 98, 104, 111 ಅಡಿ ಎಂದುಕೊಳ್ಳಿ. ಒಂದೊಂದನ್ನು ಒಂದೊಂದು ಡಿಸ್ಕ್‌ನಲ್ಲಿ ಇಟ್ಟೆವು. ನಾಲ್ಕನೆಯ ಡಿಸ್ಕ್‌ನಲ್ಲಿ ಮೂರರ ಮೊತ್ತ, 313. ಐದನೆಯದರಲ್ಲಿ ಮೊದಲನೆಯದರ ಒಂದು ಪಾಲು, ಎರಡನೆಯದರ ಎರಡು ಪಾಲು, ಮೂರನೆಯದರ ಮೂರು ಪಾಲು ಕೂಡಿಸಿ 639. ಈ 313 ಮತ್ತು 639 ಪ್ಯಾರಿಟಿಗಳು. ಒಂದೊಂದು ಡಿಸ್ಕ್‌ನಲ್ಲಿರುವುದು ಒಂದೊಂದು ಚೂರು. ಹೀಗೆ ಪ್ಯಾರಿಟಿ ಸೇರಿಸಿ ಚೂರುಗಳಾಗಿ ಇಡುವುದೇ ಇರೇಷರ್ ಕೋಡಿಂಗ್.

ಎರಡನೆಯದೂ ಮೂರನೆಯದೂ ಹಾಳಾದವು ಎನ್ನಿ. 313ರಲ್ಲಿ 98 ಕಳೆದರೆ 215. ಇದು ಎರಡರ ಮೊತ್ತ. 639ರಲ್ಲಿ 98 ಕಳೆದರೆ 541. ಇದರಿಂದ 215ರ ಎರಡರಷ್ಟನ್ನು, ಅಂದರೆ 430ನ್ನು, ಕಳೆದರೆ 111. ಉಳಿದದ್ದು 104. ಐದರಲ್ಲಿ ಯಾವ ಎರಡು ಹೋದರೂ ಹೀಗೆಯೇ ಮರಳಿ ಪಡೆಯಬಹುದು. ಮೂರು ಪೂರ್ಣ ಪ್ರತಿ ಇಟ್ಟರೂ ಎರಡು ನಷ್ಟವನ್ನೇ ತಡೆಯಬಹುದು, ಆದರೆ ಜಾಗ ಮೂರು ಪಟ್ಟು ಬೇಕು, ಇಲ್ಲಿ 1.67 ಪಟ್ಟು ಸಾಕು.

ಗಣಿತಜ್ಞರಾದ ರೀಡ್ ಮತ್ತು ಸಾಲೊಮನ್ 1960ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ಗೀರು ಬಿದ್ದ ಸಿ.ಡಿ. ಹಾಡುವುದೂ ಅದರಿಂದಲೇ.

ನಾನು ಎಡವಿದ ಜಾಗ

ಡಿಸ್ಕ್ ಸತ್ತರೆ ಯಾವುದು ಸತ್ತಿತು ಎಂಬುದು ಗೊತ್ತಾಗುತ್ತದೆ. ಡಿಸ್ಕ್ ಸದ್ದಿಲ್ಲದೆ 104ನ್ನು 140 ಎಂದು ಕೊಟ್ಟರೆ?

ಮೊತ್ತ 349 ಬರುತ್ತದೆ, 36 ಹೆಚ್ಚು. ಎಲ್ಲಿ ತಪ್ಪಿದೆ ಎಂಬುದು ಇದರಿಂದ ತಿಳಿಯದು. ಎರಡನೆಯ ಪ್ಯಾರಿಟಿಯಲ್ಲಿ 711 ಬರುತ್ತದೆ, 72 ಹೆಚ್ಚು. 72 ಎಂದರೆ 36ರ ಎರಡರಷ್ಟು, ಹಾಗಾದರೆ ಕೆಟ್ಟದ್ದು ಎರಡನೆಯ ಡಿಸ್ಕ್! ಇಲ್ಲಿಗೆ ಬಂದಾಗ ಚೆಕ್‌ಸಮ್ ಬೇಡವೇ ಬೇಡ ಎಂದು ತೀರ್ಮಾನಿಸಿದ್ದೆ. ಆದರೆ ಒಂದು ಕೆಡುಕನ್ನು ಹುಡುಕಿ ಸರಿಪಡಿಸಲು ಎರಡೂ ಪ್ಯಾರಿಟಿ ಖರ್ಚಾದವು.

ಅದೇ ಹೊತ್ತಿಗೆ 111 ಇದ್ದ ಡಿಸ್ಕ್ ಕೂಡ ಸತ್ತಿದೆ ಎನ್ನಿ. ಮೊದಲ ಪ್ಯಾರಿಟಿಯ ಪ್ರಕಾರ ಕಳೆದ ಸಂಖ್ಯೆ 75, ಎರಡನೆಯದರ ಪ್ರಕಾರ 87. ಏನೋ ಕೆಟ್ಟಿದೆ ಎಂಬುದಷ್ಟೇ ಖಚಿತ. ಕೆಟ್ಟದ್ದು ಮೊದಲನೆಯ ಡಿಸ್ಕ್ ಎಂದು ಊಹಿಸಿದರೆ 80, 140, 93 ಎಂಬ ಉತ್ತರ ಎರಡೂ ಪ್ಯಾರಿಟಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಯಾರೂ ಅಳೆಯದ ಮಟ್ಟಗಳು ದಾಖಲೆಯಾಗಿ ಕುಳಿತುಬಿಡುತ್ತವೆ! ಇದನ್ನು ಕಂಡಾಗ ನಿಜಕ್ಕೂ ಭಯವಾಯಿತು.

ಈಗ ಪ್ರತಿ ಚೂರಿನ ಎಸ್‌ಎಚ್‌ಎ-256 ವಿಧಾನದ ಚೆಕ್‌ಸಮ್ ಬೇರೆ ಕಡೆ ಬರೆದಿಟ್ಟಿದೆ ಎಂದುಕೊಳ್ಳಿ. 140ರ ಚೆಕ್‌ಸಮ್ ತಾಳೆಯಾಗುವುದಿಲ್ಲ. ಆ ಚೂರನ್ನು ಬಿಸಾಡಿ. ಅಲ್ಲಿಗೆ ಅದು ಕೆಟ್ಟ ಚೂರಲ್ಲ, ಕಳೆದ ಚೂರು. ಎರಡು ಕಳೆದಾಗಿನ ಲೆಕ್ಕ ಮೇಲೆಯೇ ಇದೆ, 104 ಮತ್ತು 111 ಮರಳಿ ಬರುತ್ತವೆ. ಕೆಟ್ಟದ್ದನ್ನು ಗುರುತಿಸುವುದು ಚೆಕ್‌ಸಮ್, ತುಂಬಿಕೊಡುವುದು ಪ್ಯಾರಿಟಿ.

ಉಳಿದದ್ದು

ಓದದೆ ಬಿಟ್ಟ ಡಿಸ್ಕ್‌ನ ಕೆಡುಕು ಯಾರಿಗೂ ಕಾಣದು. ಆದ್ದರಿಂದ ಸಂಗ್ರಹದ ಪ್ರತಿ ಚೂರನ್ನೂ ನಿಯತವಾಗಿ ಓದಿ ತಾಳೆ ನೋಡಬೇಕು. ಮೂರನೆಯದು ಕೆಡುವ ಮುನ್ನ ಮೊದಲ ಎರಡನ್ನು ಸರಿಪಡಿಸಬೇಕು. ಐದೂ ಡಿಸ್ಕ್ ಒಂದೇ ಕಟ್ಟಡದಲ್ಲಿದ್ದರೆ ಒಂದು ಬೆಂಕಿಗೆ ಈ ಲೆಕ್ಕವೆಲ್ಲ ವ್ಯರ್ಥ.

ಬೈಟ್‌ಗಳು ಉಳಿದರೂ ಓದಲು ಬರಬೇಕಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದವರಿಗೆ ಈ ಕಷ್ಟ ಗೊತ್ತು. ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಓದಲು ಬೇಕಾದ ಇಂಥ ತಿಳಿವಳಿಕೆಯನ್ನೂ ಕಡತದ ಜೊತೆಯಲ್ಲೇ ಕಾಪಾಡಬೇಕು ಎನ್ನುತ್ತದೆ ದೀರ್ಘಕಾಲದ ಡಿಜಿಟಲ್ ಸಂಗ್ರಹಗಳ ಐಎಸ್ಒ 14721 ಮಾನದಂಡ. ಯೂನಿಕೋಡ್‌ಗೆ ಬದಲಿಸಿದ ಪ್ರತಿಯ ಚೆಕ್‌ಸಮ್ ಬೇರೆಯೇ ಆಗುತ್ತದೆ. ಅದಕ್ಕಾಗಿ ಮೂಲವನ್ನು ಅಳಿಸದೆ ಎರಡನ್ನೂ ಇಟ್ಟು, ಯಾವ ದಿನ, ಯಾವ ತಂತ್ರಾಂಶದಿಂದ ಬದಲಿಸಿದ್ದು ಎಂಬುದನ್ನು ಜೊತೆಗೆ ಬರೆದಿಡಿ.