ಕೆಂಪು ಚುಕ್ಕಿ ಕಂಡ ಕೂಡಲೇ ಪಂಪು ಹೊರಬೇಡಿ

ಹಿಂಗಾರಿ ಜೋಳ ಮೊಣಕಾಲುದ್ದ ಬಂತೆಂದರೆ ನನ್ನ ಮೇಜಿನ ಮೇಲೆ ಎಲೆಗಳ ರಾಶಿ. ಎಲ್ಲದರ ಮೇಲೂ ಕೆಂಪು ಚುಕ್ಕಿ. ಕೇಳುವ ಮಾತೂ ಒಂದೇ: "ಸಾಹೇಬ್ರ, ಯಾವ ಎಣ್ಣಿ ಹೊಡಿಬೇಕ್ರಿ?" ಎಣ್ಣಿ ಅಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿ. ಅರ್ಧ ಮಂದಿ ಆಗಲೇ ಹೊಡೆದು ಬಂದಿರುತ್ತಾರೆ.

ಆ ಕೆಂಪು ರೋಗದ ಬಣ್ಣ ಅಲ್ಲ, ಜೋಳದ್ದೇ ಬಣ್ಣ. ಶಿಲೀಂಧ್ರ ಎಲೆಯನ್ನು ಕೊರೆಯಲು ಶುರು ಮಾಡಿದರೆ, ಸುಮಾರು ಒಂದು ದಿನದಲ್ಲೇ ಆ ಜಾಗದ ಜೀವಕೋಶದೊಳಗೆ ಸಣ್ಣ ಸಣ್ಣ ಗುಳ್ಳೆ ಹುಟ್ಟುತ್ತವೆ. ಅವು ಕೊರೆಯುವ ಕಡೆಗೇ ಸರಿದು, ಕೆಂಪಾಗಿ, ಒಡೆಯುತ್ತವೆ. ಒಳಗಿರುವುದು ಅಪಿಜೆನಿನಿಡಿನ್, ಲೂಟಿಯೋಲಿನಿಡಿನ್ ಎಂಬ ವಿಷ. 1990ರಲ್ಲಿ ಸ್ನೈಡರ್ ಮತ್ತು ನಿಕಲ್ಸನ್ ಎಂಬ ವಿಜ್ಞಾನಿಗಳು ಇದನ್ನು ವಿವರವಾಗಿ ತೋರಿಸಿದರು. ಶಿಲೀಂಧ್ರವೂ ಸಾಯುತ್ತದೆ, ಆ ಜೀವಕೋಶವೂ ಸಾಯುತ್ತದೆ. ನೀವು ನೋಡುವ ಚುಕ್ಕಿ ಜಗಳ ನಡೆದ ಜಾಗ, ಅಷ್ಟೇ. ಅದರ ಮೇಲೆ ಔಷಧಿ ಹೊಡೆದರೆ ಚುಕ್ಕಿ ಹೋಗಲ್ಲ. ಸತ್ತ ಜಾಗ ಮತ್ತೆ ಹಸಿರಾಗಲ್ಲ. ಆದರೂ "ಎಣ್ಣಿ ಹೊಡೆದೆ, ಚುಕ್ಕಿ ಹೋಗಲೇ ಇಲ್ರಿ" ಅಂತ ಮತ್ತೆ ಬರುತ್ತಾರೆ!

ಹಾಗಂತ ಕೆಂಪು ಕಂಡರೆ ಕಣ್ಣು ಮುಚ್ಚಿ ಕೂರಿ ಅಂತಲ್ಲ. ಕೆಲವು ಸಲ ಜೋಳ ಸೋಲುತ್ತದೆ. ಚುಕ್ಕಿಗಳು ಕೂಡಿ ಎಲೆ ಒಣಗಿದರೆ, ಒರೆಸಿದಾಗ ಬೆರಳಿಗೆ ತುಕ್ಕಿನ ಪುಡಿ ಹತ್ತಿದರೆ, ಎಲೆ ತನ್ನಿ. ಹುಳ ಕಡಿದರೂ ಕೆಂಪಾಗುತ್ತದೆ. ಕೆಲವು ತಳಿಗಳಲ್ಲಿ ಅದೇ ರೋಗಕ್ಕೆ ಕೆಂಪಿನ ಬದಲು ಮಾಸಲು ಕಂದು ಕಲೆ. ಬಣ್ಣ ನೋಡಿ ಫೋನಿನಲ್ಲೇ ರೋಗದ ಹೆಸರು ಹೇಳಿ ಅಂದರೆ ನಾನು ಹೇಳಲ್ಲ.

ಎಳ್ಳಮವಾಸ್ಯೆಗೆ ಜೇವರ್ಗಿ ಕಡೆ ಒಂದು ಹೊಲಕ್ಕೆ ಕರೆದಿದ್ದರು. ಸಜ್ಜಿ ರೊಟ್ಟಿ, ಭಜ್ಜಿ ಎದುರಿಗಿತ್ತು. ಆ ಮನೆಯ ಮಗ ಊಟಕ್ಕೂ ಬಿಡಲಿಲ್ಲ, ದಂಟಿನ ಮೇಲಿನ ಬಿಳಿ ಪುಡಿ ತೋರಿಸಿ "ಬೂದಿ ರೋಗ ಬಂದದ್ರಿ" ಅಂದ. ಹೆಬ್ಬೆರಳಿನಿಂದ ಉಜ್ಜಿ ತೋರಿಸಿದೆ. ಅದು ಮೇಣ. ದಂಟಿನ ನೀರು ಆರದ ಹಾಗೆ ಕಾಯುತ್ತದೆ. ಅವನ ಅಜ್ಜ ನಕ್ಕರು: "ಜ್ವಾಳ ಇಬತ್ತಿ ಹಚ್ಕೊಂಡದೋ ಮಗನ, ರೋಗ ಅಲ್ಲ."

ನನಗೆ ನಿಜಕ್ಕೂ ಭಯ ಇರುವುದು ಇದ್ದಿಲು ಕೊಳೆ ಎಂಬ ರೋಗದ್ದು. ಕಾಳು ಕಟ್ಟುವ ಹೊತ್ತಿಗೆ ಎರೆ ಮಣ್ಣಿನಲ್ಲಿ ಹಸಿ ಆರಿದರೆ ಗಿಡ ಸೋತು, ಬೇರಿನಿಂದ ಶಿಲೀಂಧ್ರ ಏರುತ್ತದೆ. ದಂಟು ಸೀಳಿದರೆ ಒಳಗೆ ಕಪ್ಪು ಪುಡಿ. ಅಲ್ಲಿಗೆ ಯಾವ ಎಣ್ಣಿಯೂ ಮುಟ್ಟಲ್ಲ. ಎಲೆಯ ಮೇಲೆ ಕೆಂಪು ಚುಕ್ಕಿ ಕಾಣಲ್ಲ ನೋಡಿ, ಹಾಗಾಗಿ ಅದನ್ನು ಯಾರೂ ನನ್ನ ಮೇಜಿಗೆ ತರಲ್ಲ. ಬೆಳೆ ನೆಲಕ್ಕೆ ಬಿದ್ದ ಮೇಲೆ ಫೋನ್ ಮಾಡುತ್ತಾರೆ.