ಬುಡ ನೋಡದೆ ಗೊಂಫ್ರೀನ ಕೀಳಬೇಡಿ

ಗೊಂಫ್ರೀನ ಎಂದರೆ ಪುಟ್ಟ ಚೆಂಡಿನಂಥ ಹೂಗೊಂಚಲು ಬಿಡುವ ಗಿಡ. ಹೂ ಮುಗಿದು ಎಲೆ ಒಣಗಿದ ಮೇಲೆ ಅದನ್ನು ಬಹಳ ಮಂದಿ ಬೇರುಸಹಿತ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಅದು ಗೊಂಫ್ರೀನ ಗ್ಲೋಬೋಸಾ ಎಂಬ ಪ್ರಭೇದ ಆಗಿದ್ದರೆ ಅಡ್ಡಿಯಿಲ್ಲ. ಒಂದೇ ವರ್ಷದ ಗಿಡ. ಬೀಜ ಕಟ್ಟಿದರೆ ಅದರ ಕೆಲಸ ಮುಗಿಯಿತು. ಆದರೆ ಇದೇ ಕುಲದ ಗೊಂಫ್ರೀನ ಹಾಗಿಯಾನಾ (haageana) ಎಂಬ ಪ್ರಭೇದ ಬಹುವಾರ್ಷಿಕ. ಮೇಲಿನದೆಲ್ಲ ಒಣಗಿದರೂ ನೆಲದೊಳಗೆ ಗಡ್ಡೆಯಂಥ ಬೇರು ಜೀವಂತವಾಗಿರುತ್ತದೆ.

ಗಿಡ ಯಾವುದೆಂದು ಗುರುತಿಸಿಕೊಳ್ಳಲು ನನ್ನ ಬಳಿ ಬರುವವರು ಸಾಮಾನ್ಯವಾಗಿ ಹೂವಿನ ಫೋಟೊ ಒಂದನ್ನೇ ತರುತ್ತಾರೆ. ನಾನು ಮೊದಲು ಕೇಳುವುದು ಗೆಣ್ಣು ಮತ್ತು ಬುಡದ ಫೋಟೊ. ದಂಟು, ಕೋಳಿಜುಟ್ಟು ಇದೇ ಕುಟುಂಬದವಾದರೂ ಅವುಗಳ ಎಲೆ ಒಂದಾದ ಮೇಲೊಂದು ಬದಲಿ ಬದಲಿಯಾಗಿ ಬರುತ್ತವೆ. ಗೊಂಫ್ರೀನದಲ್ಲಿ ಉಬ್ಬಿದ ಪ್ರತಿ ಗೆಣ್ಣಿನಲ್ಲೂ ಎರಡೆಲೆ ಎದುರುಬದುರು. ಹೊನಗೊನ್ನೆಗೂ ಎದುರುಬದುರು ಎಲೆಗಳೇ, ಆದರೆ ಅದರ ಹೂಗೊಂಚಲು ತೊಟ್ಟಿಲ್ಲದೆ ಎಲೆಯ ಕಂಕುಳಿಗೇ ಅಂಟಿಕೊಂಡಿರುತ್ತದೆ. ಗೊಂಫ್ರೀನದ ಚೆಂಡು ಉದ್ದ ತೊಟ್ಟಿನ ತುದಿಯಲ್ಲಿ ಎದ್ದು ನಿಲ್ಲುತ್ತದೆ.

ಆ ಚೆಂಡನ್ನು ಒಮ್ಮೆ ಬಿಡಿಸಿ ಭೂತಗನ್ನಡಿಯಲ್ಲಿ ನೋಡಬೇಕು. ನಾವು ಎಸಳು ಎಂದುಕೊಂಡದ್ದು ಎಸಳಲ್ಲ, ಕಾಗದದಂತೆ ಗರಿಗರಿಯಾದ ಪುಷ್ಪಪತ್ರಗಳು, ಅಂದರೆ ಹೂವಿನ ಬುಡದಲ್ಲಿ ಬರುವ ಮಾರ್ಪಟ್ಟ ಎಲೆಗಳು. ಎರಡು ಪುಷ್ಪಪತ್ರಗಳ ನಡುವೆ ಬಿಳಿ ನೂಲು ಸುತ್ತಿದಂಥ ಪುಟ್ಟ ಹೂವು ಅಡಗಿರುತ್ತದೆ. ಅದರ ಐದು ಕೇಸರಗಳು ಕೂಡಿಕೊಂಡು ಒಂದು ಸಣ್ಣ ಕೊಳವೆಯಾಗಿವೆ. ಇವುಗಳಿಗೆ ಬಣ್ಣ ಕೊಡುವುದು ಬೀಟ್‌ರೂಟಿನಲ್ಲೂ ಇರುವ ಬೀಟಾಲೈನ್ ಎಂಬ ವರ್ಣದ್ರವ್ಯ. ಪುಷ್ಪಪತ್ರದಲ್ಲಿ ಮೊದಲೇ ನೀರಿನಂಶ ಕಡಿಮೆಯಾದ್ದರಿಂದ ಕೊಯ್ದು ಒಣಗಿಸಿದರೂ ಮುದುಡುವುದಿಲ್ಲ, ಬಣ್ಣವೂ ಬಹಳ ಕಾಲ ಉಳಿಯುತ್ತದೆ.

ಪುಷ್ಪಪತ್ರ ಕೆಂಪು ಅಥವಾ ಕಿತ್ತಳೆ, ಎಲೆ ಕಿರಿದು, ಬುಡದಲ್ಲಿ ಗಡ್ಡೆ ಇದ್ದರೆ ಅದು ಹಾಗಿಯಾನಾ. ಟೆಕ್ಸಸ್ ಮತ್ತು ಮೆಕ್ಸಿಕೊ ಇದರ ಮೂಲ. ‘ಸ್ಟ್ರಾಬೆರಿ ಫೀಲ್ಡ್ಸ್’ ಎಂಬ ಕೆಂಪು ತಳಿ ಇದರದ್ದೇ. ಗಿಡ ಮೂರು ಅಡಿ ದಾಟಿ, ಗುಲಾಬಿ ಚೆಂಡಿನಿಂದ ಹಳದಿ ತುದಿಗಳು ಕಿಡಿಯಂತೆ ಹೊರಚಾಚಿದ್ದರೆ ಅದು ‘ಫೈರ್‌ವರ್ಕ್ಸ್’ ಎಂಬ ಬೇರೆ ತಳಿ. ಹಿಮ ಬೀಳದ ಕಡೆ ಇದೂ ಕೆಲವು ವರ್ಷ ಬಾಳುತ್ತದೆ. ನೆಲಕ್ಕೆ ಒರಗಿ ಹಬ್ಬುತ್ತ, ಬಲಿತಂತೆ ಉದ್ದವಾಗುವ ಬಿಳಿ ಹೂಗೊಂಚಲು ಬಿಡುವ ಗೊಂಫ್ರೀನ ಸೆಲೊಸಿಯಾಯ್ಡೀಸ್ ಕೂಡ ಬಹುವಾರ್ಷಿಕವೇ. ಅದನ್ನು ಯಾರೂ ನೆಡಬೇಕಿಲ್ಲ, ಕಳೆಯಾಗಿ ತಾನೇ ಬರುತ್ತದೆ.

ಬೆಳೆಸುವುದರಲ್ಲಿ ಕಷ್ಟವೇನಿಲ್ಲ. ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದ ನೇರ ಬಿಸಿಲು, ನೀರು ಬಸಿದುಹೋಗುವ ಮಣ್ಣು ಇದ್ದರೆ ಸಾಕು. ಗೊಂಫ್ರೀನ ಸಿ4 ಬಗೆಯ, ಅಂದರೆ ಬಿಸಿಲು-ಸೆಕೆಯಲ್ಲೂ ಚೆನ್ನಾಗಿ ಆಹಾರ ತಯಾರಿಸಿಕೊಳ್ಳುವ ಗಿಡವಾದ್ದರಿಂದ ಬಿಸಿಲು ಹೆಚ್ಚಿದಷ್ಟೂ ಚುರುಕಾಗಿ ಬೆಳೆಯುತ್ತದೆ. ನೆರಳಿನಲ್ಲಿ ಕಡ್ಡಿ ಉದ್ದವಾಗಿ ಸೊರಗುತ್ತದೆ. ಸಾರಜನಕದ ಗೊಬ್ಬರ ಹೆಚ್ಚಾದರೆ ಬರೀ ಎಲೆ. ಎಳೆಯ ಗಿಡದ ತುದಿ ಚಿವುಟಿದರೆ ಕವಲು ಹೆಚ್ಚಿ ಹೂವೂ ಹೆಚ್ಚುತ್ತದೆ.

ಬೀಜ ಹತ್ತಿಯಂಥ ಹೊದಿಕೆಯೊಳಗೆ ಇರುವುದರಿಂದ ಹಾಗೇ ಬಿತ್ತಿದರೆ ಮೊಳಕೆ ಅಷ್ಟಕ್ಕಷ್ಟೆ. ಹೊದಿಕೆಯನ್ನು ಉಜ್ಜಿ ತೆಗೆದು ತೆಳ್ಳಗೆ ಮಣ್ಣು ಮುಚ್ಚಿ. ತಾಪಮಾನ 21ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು ವಾರದೊಳಗೆ ಮೊಳೆಯುತ್ತದೆ. ಮೆಚ್ಚಿದ ಗಿಡದ ಗುಣ ಹಾಗೆಯೇ ಬೇಕಿದ್ದರೆ ಹೂ ಬಿಡದ ಕಡ್ಡಿ ಆರಿಸಿ, ಗೆಣ್ಣಿನ ಕೆಳಗೆ ಕತ್ತರಿಸಿ ನೆಡುವುದು ವಾಸಿ.

ಇವನ್ನು ಸಾಯಿಸುವುದು ಬರಗಾಲಕ್ಕಿಂತ ಹೆಚ್ಚಾಗಿ ನೀರು. ಬೆಳೆಯುವಾಗ ಮೇಲ್ಮಣ್ಣು ಒಣಗಿದ ಮೇಲೆ ಚೆನ್ನಾಗಿ ನೀರು ಕೊಡಿ. ಹಾಗಿಯಾನಾ ಒಣಗಿದಾಗ ಕಡ್ಡಿಯನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ನೀರು ಬಹುತೇಕ ನಿಲ್ಲಿಸಿ. ಹಿಮ ಬೀಳುವ ಕಡೆಯವರು ಗಡ್ಡೆಯನ್ನು ಅಗೆದು, ಮಣ್ಣು ಉದುರಿಸಿ, ಡೇಲಿಯಾ ಗಡ್ಡೆಯಂತೆ ಒಣ ಮರಳಿನಲ್ಲಿ ಹುದುಗಿಸಿ ತಂಪು ಜಾಗದಲ್ಲಿಡಬೇಕು. ಮತ್ತೆ ನೆಡುವಾಗ ಪ್ರತಿ ಗಡ್ಡೆಯನ್ನೂ ಒತ್ತಿ ನೋಡಿ: ಗಟ್ಟಿಯಾಗಿದ್ದರೆ ನೆಡಿ, ಮೆತ್ತಗಾಗಿ ವಾಸನೆ ಬಂದಿದ್ದರೆ ಎಸೆಯಿರಿ. ಚಿಗುರು ಕಾಣುವವರೆಗೆ ಮಣ್ಣು ತೇವವಾಗಿದ್ದರೆ ಸಾಕು.